ಮಿಕ್ಸಿ ಹಾಕಿದರೆ ಇಂಟರ್‌ನೆಟ್ ನಿಲ್ಲುವುದೇಕೆ?

ಪ್ರಶ್ನೆ: ರಾಜಾಜಿನಗರದಲ್ಲಿ ನಮ್ಮದು ಹಳೆಯ ಎರಡಂತಸ್ತಿನ ಮನೆ. ಮಹಡಿ ಕೋಣೆಗೆ ಪವರ್‌ಲೈನ್ ಅಡಾಪ್ಟರ್‌ನಿಂದ (ಮನೆಯ ಕರೆಂಟ್ ವೈರಿನ ಮೂಲಕವೇ ಇಂಟರ್‌ನೆಟ್ ಸಾಗಿಸುವ ಸಾಧನ) ಇಂಟರ್‌ನೆಟ್ ಕೊಟ್ಟಿದ್ದೇವೆ. ಕೆಳಗೆ ಮಿಕ್ಸಿ ಹಾಕಿದರೆ ಸಂಪರ್ಕವೇ ಕಡಿಯುತ್ತದೆ. ಫ್ಯಾನ್ ಅರ್ಧ ಸ್ಪೀಡಿನಲ್ಲಿದ್ದರೆ ವಿಡಿಯೊ ನಿಂತು ನಿಂತು ಬರುತ್ತದೆ. ಅಡಾಪ್ಟರನ್ನು ಸ್ಪೈಕ್ ಗಾರ್ಡಿಗೆ ಹಾಕಿದ್ದಾಯಿತು, ಮಿಕ್ಸಿ ವೈರಿಗೆ ಫೆರೈಟ್ ಮಣಿ (ಗದ್ದಲ ತಡೆಯಲು ವೈರಿನ ಸುತ್ತ ಕೂರಿಸುವ ಕಾಂತೀಯ ಬಳೆ) ಸಿಕ್ಕಿಸಿದ್ದಾಯಿತು. ಉಪಯೋಗವಿಲ್ಲ.

ಉತ್ತರ: ಅಡಾಪ್ಟರನ್ನು ಮೊದಲು ಸ್ಪೈಕ್ ಗಾರ್ಡಿನಿಂದ ಕಿತ್ತು ಗೋಡೆಯ ಸಾಕೆಟ್ಟಿಗೇ ಹಾಕಿ. ಗಾರ್ಡಿನೊಳಗೆ ಕೆಪಾಸಿಟರ್ ಇದ್ದರೆ ಅದು ಮಿಕ್ಸಿ, ಫ್ಯಾನ್ ರೆಗ್ಯುಲೇಟರ್ ವೈರಿಗೆ ಬಿಡುವ ವಿದ್ಯುತ್ ಗದ್ದಲದ ಜೊತೆ ನಿಮ್ಮ ಸಿಗ್ನಲ್ಲನ್ನೂ ನುಂಗುತ್ತದೆ. 0.1 ಮೈಕ್ರೊಫ್ಯಾರಡ್ ಕೆಪಾಸಿಟರ್ ಲೆಕ್ಕದ ಪ್ರಕಾರ, ಅಡಾಪ್ಟರಿನ ಸಿಗ್ನಲ್ ಹರಿಯುವಂಥ 10 ಮೆಗಾಹರ್ಟ್ಸ್‌ನಲ್ಲಿ ಕೇವಲ 0.16 ಓಮ್, ಹೆಚ್ಚುಕಡಿಮೆ ಶಾರ್ಟ್ ಆದಂತೆಯೇ.

ಫೆರೈಟ್ ಮಣಿಯದು ಬೇರೆ ಕತೆ. ಫೇಸ್, ನ್ಯೂಟ್ರಲ್ ಎರಡೂ ಒಂದೇ ಮಣಿಯೊಳಗೆ ಹಾದರೆ ಅವುಗಳ ಕಾಂತಕ್ಷೇತ್ರ ಒಂದನ್ನೊಂದು ಅಳಿಸುತ್ತದೆ. ಆ ಎರಡು ತಂತಿಗಳ ನಡುವಿನ ಗದ್ದಲಕ್ಕೆ ಮಣಿ ಇದ್ದೂ ಇಲ್ಲದಂತೆ.

ಗದ್ದಲವನ್ನು ಹುಟ್ಟುವಲ್ಲೇ, ಅಂದರೆ ಮಿಕ್ಸಿ ಮೋಟಾರಿನ ಕಿಡಿಯಲ್ಲೇ ಹಿಡಿಯಬೇಕು. ಕತ್ತಲಲ್ಲಿ ಮಿಕ್ಸಿಯ ಗಾಳಿಕಿಂಡಿಯಲ್ಲಿ ಇಣುಕಿ. ಸಣ್ಣ ಕಿಡಿ ಸಹಜ. ಕಾಮ್ಯುಟೇಟರಿನ (ಬ್ರಷ್‌ಗೆ ಉಜ್ಜುತ್ತ ತಿರುಗುವ ತಾಮ್ರದ ಭಾಗ) ಸುತ್ತ ನೀಲಿ ಉಂಗುರವೇ ಕಂಡರೆ ಕಾರ್ಬನ್ ಬ್ರಷ್ ಬದಲಿಸುವ ಕಾಲ ಬಂದಿರಬಹುದು. ಆಮೇಲೂ ತೊಂದರೆ ಇದ್ದರೆ ಎಸ್.ಪಿ. ರಸ್ತೆಯಲ್ಲಿ 6 ಆಂಪಿಯರ್‌ನ ಇಎಂಐ ಫಿಲ್ಟರ್ (ಮಿಕ್ಸಿಗೂ ಗೋಡೆಗೂ ನಡುವೆ ಹಾಕುವ, ಗದ್ದಲ ತಡೆಯುವ ಡಬ್ಬಿ) ಕೇಳಿ. 750 ವಾಟ್ ಮಿಕ್ಸಿ ಎಳೆಯುವುದು ಸುಮಾರು ಮೂರೂಕಾಲು ಆಂಪಿಯರ್. ಡಬ್ಬಿಯ ಮೇಲೆ ಅಚ್ಚಾಗಿರುವ ಸರ್ಕ್ಯೂಟ್ ನೋಡಿಯೇ ಕೊಳ್ಳಿ. ಗೋಡೆಯ ಕಡೆ ಸುರುಳಿ, ಮಿಕ್ಸಿಯ ಕಡೆ ಕೆಪಾಸಿಟರ್ ಬರಬೇಕು. ಕೆಪಾಸಿಟರ್ ಗೋಡೆಯ ಕಡೆ ಬಂದರೆ ಸ್ಪೈಕ್ ಗಾರ್ಡಿನ ತಪ್ಪನ್ನೇ ದುಡ್ಡು ಕೊಟ್ಟು ಮತ್ತೆ ಮಾಡಿದಂತೆ. ಇಷ್ಟೆಲ್ಲ ಬೇಡವೆಂದರೆ, ಮೈಮೇಲೆ ಸಾಕೆಟ್ ಇರುವ ಅಡಾಪ್ಟರುಗಳು ಸಿಗುತ್ತವೆ, ಆ ಸಾಕೆಟ್ಟಿಗೆ ಸಾಮಾನ್ಯವಾಗಿ ಒಳಗೇ ಫಿಲ್ಟರ್ ಇರುತ್ತದೆ. ಗದ್ದಲದ ಉಪಕರಣವನ್ನು ಅದಕ್ಕೆ ಹಾಕಿ.

ಫ್ಯಾನಿನದು ಸುಲಭ. ತಿರುಗಿಸುವ ಟ್ರಯಾಕ್ (ಎಲೆಕ್ಟ್ರಾನಿಕ್ ಸ್ವಿಚ್) ರೆಗ್ಯುಲೇಟರ್ ಸೆಕೆಂಡಿಗೆ 100 ಸಲ ಕರೆಂಟಿನ ಅಲೆ ಕತ್ತರಿಸುತ್ತದೆ, ಒಂದೊಂದು ಕತ್ತರಿಗೂ ಗದ್ದಲದ ಒಂದು ಚೂಪು ಮಿಡಿತ. ಎಂಸಿಬಿ ಇಳಿಸಿ, ಕೆಪಾಸಿಟರ್ ಬಗೆಯ ಸ್ಟೆಪ್ ರೆಗ್ಯುಲೇಟರ್ ಹಾಕಿಸಿ.

ಪ್ರಶ್ನೆ: ವಿಜಯನಗರದ ಎಂಜಿನಿಯರಿಂಗ್ ವಿದ್ಯಾರ್ಥಿ ನಾನು. ಪ್ರಾಜೆಕ್ಟಿಗೆ ಕರೆಂಟ್ ವೈರಿನ ಮೇಲೆ ಬರುವ ಡೇಟಾ ಹಿಡಿಯುವ ಓಎಫ್‌ಡಿಎಂ (ಡೇಟಾವನ್ನು ಹಲವು ಆವರ್ತನಗಳಿಗೆ ಹಂಚಿ ಕಳಿಸುವ ವಿಧಾನ) ರಿಸೀವರ್ ಮಾಡಿದ್ದೇನೆ. ಗದ್ದಲದ ಮಿಡಿತ ತೆಗೆಯಲು ಮಿತಿ ಮೀರಿದ ಸ್ಯಾಂಪಲ್ಲನ್ನು ಸೊನ್ನೆ ಮಾಡಿದರೂ ಬಿಟ್ ದೋಷ ಇಳಿಯುತ್ತಿಲ್ಲ. ಮಿತಿ ಎಷ್ಟಿಡಬೇಕು?

ಉತ್ತರ: ಆರ್‌ಎಂಎಸ್‌ನ (ಸಿಗ್ನಲ್ಲಿನ ವರ್ಗಗಳ ಸರಾಸರಿಯ ವರ್ಗಮೂಲ) ಮೂರು ಪಟ್ಟಿನಿಂದ ಶುರುಮಾಡಿ; ಗದ್ದಲವಿಲ್ಲದ ಸಿಗ್ನಲ್ಲಿನಲ್ಲಿ ಅದನ್ನು ಮೀರುವುದು ಸುಮಾರು ಶೇ 0.27 ಸ್ಯಾಂಪಲ್ ಮಾತ್ರ. ಆದರೆ ಆರ್‌ಎಂಎಸ್ಸನ್ನು ನೇರ ಲೆಕ್ಕ ಹಾಕಬೇಡಿ, ಮಿಡಿತಗಳೇ ಅದನ್ನು ಉಬ್ಬಿಸಿಬಿಡುತ್ತವೆ. ಚಿಹ್ನೆ ಬಿಟ್ಟು ಸ್ಯಾಂಪಲ್ಲುಗಳ ಮಧ್ಯಾಂಕ (ಮೀಡಿಯನ್) ತೆಗೆದು 1.48ರಿಂದ ಗುಣಿಸಿ, ಅದನ್ನೇ ಆರ್‌ಎಂಎಸ್ ಎಂದು ಇಟ್ಟುಕೊಳ್ಳಿ.

ಸೊನ್ನೆ ಮಾಡುವುದು ಎಫ್‌ಎಫ್‌ಟಿಗಿಂತ (ಸಿಗ್ನಲ್ಲನ್ನು ಆವರ್ತನಗಳಾಗಿ ಬಿಡಿಸುವ ಲೆಕ್ಕ) ಮುಂಚೆಯೇ ಆಗಬೇಕು, ಆಮೇಲಾದರೆ ಒಂದು ಮಿಡಿತ ಎಲ್ಲ ಸಬ್‌ಕ್ಯಾರಿಯರಿಗೂ (ಡೇಟಾ ಹೊರುವ ಒಂದೊಂದು ಆವರ್ತನ) ಹರಡಿರುತ್ತದೆ. ಅದಕ್ಕೂ ಮೊದಲು ಇಕ್ಕಟ್ಟಾದ ಬ್ಯಾಂಡ್‌ಪಾಸ್ ಫಿಲ್ಟರ್ (ಆವರ್ತನದ ಒಂದು ಪಟ್ಟಿಯನ್ನಷ್ಟೇ ಬಿಡುವುದು) ಇಟ್ಟಿದ್ದೀರಾ? ಅದು ಚೂಪು ಮಿಡಿತವನ್ನು ಉದ್ದಕ್ಕೆ ಎಳೆದು ಮಿತಿಯ ಕೆಳಗೆ ನುಸುಳಿಸುತ್ತದೆ. ಎಜಿಸಿಯನ್ನೂ (ಗೇನನ್ನು, ಅಂದರೆ ಸಿಗ್ನಲ್ಲಿನ ವರ್ಧನೆಯನ್ನು, ತಾನೇ ಹೊಂದಿಸುವ ಭಾಗ) ನೋಡಿ. ಮಿಡಿತ ಕಂಡೊಡನೆ ಗೇನ್ ಇಳಿಸಿ ನಿಧಾನವಾಗಿ ಏರಿಸುತ್ತಿದ್ದರೆ ನಡುವಿನ ಡೇಟಾ ಹೋದಂತೆ.

ಇನ್ನು ಕೆಟ್ಟ ಡೇಟಾದ ಮರುಪ್ರಸಾರ ಸರಿಯಾಗಿ 10 ಮಿಲಿಸೆಕೆಂಡಿನ ಮೇಲೆ ಆಗುತ್ತಿದ್ದರೆ ಅದು ಕರೆಂಟಿನ ಅಲೆಯ ಮುಂದಿನ ಅರ್ಧ ಆವರ್ತದ ಅದೇ ಮಿಡಿತಕ್ಕೆ ಹೋಗಿ ಡಿಕ್ಕಿ ಹೊಡೆಯುತ್ತದೆ. 13 ಮಾಡಿ ನೋಡಿ.