ಇಷ್ಟದ ಶಾಲೆಯನ್ನೇ ಮೊದಲು ಬರೆಯಿರಿ

ಪ್ರಶ್ನೆ: ನಾವು ವಾಷಿಂಗ್ಟನ್ ಡಿಸಿಯಲ್ಲಿದ್ದೇವೆ. ಮಗಳು ನಾಲ್ಕನೇ ತರಗತಿಯಲ್ಲಿದ್ದಾಳೆ. ಎಲ್ಲರೂ ಮುಗಿಬೀಳುವ ಚಾರ್ಟರ್ ಶಾಲೆಯನ್ನು (ಸರ್ಕಾರದ ಹಣದಲ್ಲಿ ಸ್ವತಂತ್ರವಾಗಿ ನಡೆಯುವ ಉಚಿತ ಶಾಲೆ) ಲಾಟರಿ ಅರ್ಜಿಯಲ್ಲಿ ಮೊದಲು ಬರೆದರೆ ಉಳಿದವೂ ಕೈತಪ್ಪುತ್ತವೆಯಂತೆ. ಸುಲಭವಾಗಿ ಸಿಗುವುದನ್ನೇ ಮೊದಲು ಹಾಕಲೇ?

ಉತ್ತರ: ಬೇಡ, ದಯವಿಟ್ಟು ಬೇಡ. ಪ್ರತಿ ಚಳಿಗಾಲವೂ ಇದೇ ಪ್ರಶ್ನೆ ಬರುತ್ತದೆ, ಪ್ರತಿ ಸಲವೂ ನನಗೆ ಸಂಕಟವಾಗುತ್ತದೆ. ನಗರದ ಶಾಲಾ ಸೀಟುಗಳನ್ನು ಲಾಟರಿಯಿಂದ ಹಂಚುವ ‘ಮೈ ಸ್ಕೂಲ್ ಡಿಸಿ’ಯ ಅರ್ಜಿಯಲ್ಲಿ 12 ಶಾಲೆಗಳಿಗೆ ಜಾಗವಿದೆ. ಮೊದಲನೆಯದು ಸಿಗದಿದ್ದರೆ ಎರಡನೆಯ ಶಾಲೆಯಲ್ಲಿ ನಿಮ್ಮ ಮಗಳನ್ನು, ಆ ಶಾಲೆಯನ್ನೇ ಮೊದಲು ಬರೆದ ಮಕ್ಕಳ ಸಮಕ್ಕೇ ನೋಡುತ್ತಾರೆ. ಈ ಹೊಂದಾಣಿಕೆಯ ಲೆಕ್ಕದ ಬುನಾದಿಯನ್ನು ಗಣಿತಜ್ಞರಾದ ಗೇಲ್ ಮತ್ತು ಶಾಪ್ಲಿ 1962ರಲ್ಲೇ ಹಾಕಿಕೊಟ್ಟಿದ್ದಾರೆ. ಮನಸ್ಸಿನಲ್ಲಿರುವುದನ್ನು ಇದ್ದಂತೆ ಬರೆದವರಿಗೆ ಅದರಲ್ಲಿ ನಷ್ಟವಿಲ್ಲ.

ನಷ್ಟ ಜಾಣತನ ತೋರಿಸಹೋದವರಿಗೆ. ಕಳೆದ ವರ್ಷ ಒಬ್ಬ ತಾಯಿ ತಮ್ಮ ಪಟ್ಟಿಯನ್ನು ನನ್ನ ಮುಂದೆ ಬಿಡಿಸಿದರು. ಪೆನ್ಸಿಲಿನಲ್ಲಿ ಬರೆದು, ಅಳಿಸಿ, ಮತ್ತೆ ಬರೆದು ಕಾಗದವೇ ಸವೆದಿತ್ತು. ಮಗ ಹಂಬಲಿಸಿದ್ದ ಶಾಲೆ ನಾಲ್ಕನೆಯ ಸಾಲಿಗೆ ಇಳಿದಿತ್ತು. ‘ಸುಲಭದ’ ಮೊದಲ ಶಾಲೆಯೇ ಸಿಕ್ಕಿತು. ಸಿಕ್ಕಿದ ಶಾಲೆಗಿಂತ ಮೇಲೆ ಬರೆದವುಗಳ ವೇಟಿಂಗ್ ಲಿಸ್ಟಿನಲ್ಲಿ ಮಾತ್ರ ಹೆಸರು ಉಳಿಯುತ್ತದೆ, ಕೆಳಗಿನವು ಅಲ್ಲಿಗೇ ಮುಗಿದವು. ಆ ಹುಡುಗನಿಗೆ ಕಾಯುವ ಅವಕಾಶವೂ ಉಳಿಯಲಿಲ್ಲ.

ನೀವು ಕೇಳಬೇಕಾಗಿದ್ದ ಪ್ರಶ್ನೆಯೇ ಬೇರೆ: ಐದನೇ ತರಗತಿಗೇ ಈಗಿನ ಶಾಲೆ ಬಿಡಬೇಕೇ? ಬೇಸಿಸ್, ವಾಷಿಂಗ್ಟನ್ ಲ್ಯಾಟಿನ್‌ನಂಥ ಚಾರ್ಟರ್‌ಗಳು ಐದನೇ ತರಗತಿಯಿಂದ ಶುರು, ಸರ್ಕಾರಿ ಮಿಡಲ್ ಸ್ಕೂಲ್ ಸಾಮಾನ್ಯವಾಗಿ ಆರರಿಂದ. ಮಗಳು ಈಗ ಓದುತ್ತಿರುವುದು ನಿಮ್ಮ ಮನೆಯ ವಿಳಾಸಕ್ಕೆ ಗೊತ್ತುಪಡಿಸಿದ್ದಲ್ಲದ ಬೇರೆ ಸರ್ಕಾರಿ ಶಾಲೆಯಾದರೆ, ಅಲ್ಲೇ ಐದನೆಯದನ್ನು ಮುಗಿಸಿದಾಗ ಅದಕ್ಕೆ ಜೋಡಿಸಿದ ಮಿಡಲ್ ಸ್ಕೂಲಿನಲ್ಲಿ ಸೀಟು ಅವಳ ಹಕ್ಕು. ನಡುವೆ ಬಿಟ್ಟರೆ ಆ ಹಕ್ಕು ಹೋಗುತ್ತದೆ. ನಿಮ್ಮ ವಿಳಾಸಕ್ಕೆ ಗೊತ್ತುಪಡಿಸಿದ ಮಿಡಲ್ ಸ್ಕೂಲಿನ ಹಕ್ಕು ಮಾತ್ರ ಎಲ್ಲಿಗೂ ಹೋಗುವುದಿಲ್ಲ. ನಾನಾದರೆ ಕೈಯಲ್ಲಿರುವ ಹಕ್ಕನ್ನು ಸುಲಭಕ್ಕೆ ಬಿಡುವವಳಲ್ಲ. ಬಿಡುವ ಮುನ್ನ ಒಂದು ಬೆಳಿಗ್ಗೆ ಮಗಳ ಜೊತೆ ಆ ಚಾರ್ಟರ್ ಶಾಲೆಯವರೆಗೆ ಮೆಟ್ರೋದಲ್ಲಿ ಹೋಗಿಬನ್ನಿ, ಜನವರಿಯ ಚಳಿಯಲ್ಲೇ.

ಮೊದಲ ದಿನವೇ ಅರ್ಜಿ ಹಾಕಿದರೆ ಲಾಭವಿದೆಯೇ?
ಇಲ್ಲ. ಗಡುವು ಮೀರಿದರೆ ಮಾತ್ರ ಸಾಲಿನ ಕೊನೆಗೆ ಹೋಗುತ್ತೀರಿ.

ಚಾರ್ಟರ್ ಪ್ರವೇಶಕ್ಕೆ ಕೋಚಿಂಗ್ ಕೊಡಿಸುತ್ತೇವೆ ಎನ್ನುತ್ತಿದ್ದಾರೆ.
ಪ್ರವೇಶ ಪರೀಕ್ಷೆಯೇ ಇಲ್ಲದ ಕಡೆ ಎಂಥ ಕೋಚಿಂಗ್? ‘ಸೀಟು ಗ್ಯಾರಂಟಿ’ ಎಂದು ಹಣ ಕೇಳುವವರನ್ನು ಬಾಗಿಲಿನಿಂದಲೇ ಕಳುಹಿಸಿ.

ಪಕ್ಕದ ರಾಜ್ಯ ವರ್ಜೀನಿಯಾದಲ್ಲಿದ್ದೇವೆ, ಡಿಸಿಯ ನೆಂಟರ ವಿಳಾಸ ಕೊಡಬಹುದೇ?
ಕೊಡಬೇಡಿ, ಅದು ವಂಚನೆ. ಸಿಕ್ಕಿಬಿದ್ದರೆ ಕಳೆದ ತಿಂಗಳುಗಳ ಶುಲ್ಕವನ್ನೂ ಕಟ್ಟಬೇಕಾಗುತ್ತದೆ, ಮಗುವೂ ಶಾಲೆ ಬಿಡಬೇಕಾಗುತ್ತದೆ.