ಬಿಲ್ಲೆ ನೋಡಿ ರೆಜಿಮೆಂಟ್ ಹೇಳಬೇಡಿ, 4ನೇ ಪುಟ ತೆಗೆಯಿರಿ

ಸರ್, ನ್ಯೂರೆಂಬರ್ಗ್ ಸಂತೆಯಲ್ಲಿ ನಿಮಗೆ ಸಿಕ್ಕ, ಎರಡನೇ ಮಹಾಯುದ್ಧದ ಜರ್ಮನ್ ಸೈನಿಕನ ಸೋಲ್ಡ್‌ಬುಖ್ (ಸಂಬಳ ಮತ್ತು ಗುರುತಿನ ಪುಸ್ತಕ) ಮತ್ತು ಕತ್ತಿನ ಗುರುತು ಬಿಲ್ಲೆಯ ಫೋಟೋ ನೋಡಿದೆ. ಬಿಲ್ಲೆ ಮೇಲೆ 2./ಜೆ.ಇ.ಬಿ. 35 ಅಂತಿದೆ, ಅದಕ್ಕೇ ಈತ 35ನೇ ಬೆಟಾಲಿಯನ್ ಜೊತೆ ರಷ್ಯಾದಲ್ಲಿ ಕಾದಿದ ಅಂತ ಬರೆದಿದ್ದೀರಿ. ಸ್ವಲ್ಪ ತಡೀರಿ. ಆ ಜೆ ಅಂದ್ರೆ ಇನ್ಫಾಂಟರಿ (ಕಾಲಾಳು), ಐ ಬದಲು ಜೆ ಕೆತ್ತೋದು ಅವರ ರೂಢಿ. ಮುಂದಿನ ಇ ಅಂದ್ರೆ ಎರ್ಸಾಟ್ಸ್. ಹುಡುಗರನ್ನು ಸೇರಿಸಿಕೊಂಡು, ತರಬೇತಿ ಕೊಟ್ಟು ಮುಂದಕ್ಕೆ ಕಳಿಸುವ ಪಡೆ ಅದು. ಬಿಲ್ಲೆ ಕೊಟ್ಟ ಜಾಗ ಅಷ್ಟೇ, ಕಾದಿದ ಜಾಗ ಅಲ್ಲ. ಆಮೇಲೆ ನಾಲ್ಕು ಕಡೆ ವರ್ಗವಾದರೂ ಕತ್ತಿನಲ್ಲಿ ಸಾಮಾನ್ಯವಾಗಿ ಅದೇ ಬಿಲ್ಲೆ.

ಇಷ್ಟು ಜೋರಾಗಿ ಹೇಳ್ತಿರೋದು ಯಾಕೆ ಅಂದ್ರೆ, ನಾನೂ ಇದೇ ಗುಂಡಿಗೆ ಬಿದ್ದವನು. ಸ್ಟುಟ್‌ಗಾರ್ಟ್‌ನಲ್ಲಿ ನಮ್ಮ ಕೆಳಗಿನ ಮನೆಯ ಅಜ್ಜಿ ತಮ್ಮ ಅಪ್ಪನ ಸೋಲ್ಡ್‌ಬುಖ್ ಕೊಟ್ಟು, ಏನಿದೆ ನೋಡಪ್ಪಾ ಅಂದರು. 1ನೇ ಪುಟದಲ್ಲಿ ಬಿಲ್ಲೆಯ ಬರಹ ಟೈಪ್ ಮಾಡಿದ ಹಾಗೆ ಸ್ಪಷ್ಟವಾಗಿತ್ತು. 4ನೇ ಪುಟ ಹಳೆ ಜರ್ಮನ್ ಕೈಬರಹ, ಇರುವೆ ಮೆರವಣಿಗೆ. ಓದಕ್ಕೆ ಬರಲಿಲ್ಲ, ಬಿಟ್ಟೆ. ಬಿಲ್ಲೆಯ ನಂಬರ್ ಹಿಡಿದುಕೊಂಡು ಇಡೀ ಚಳಿಗಾಲ ಕೂತೆ. ಆ ನಂಬರಿನ ರೆಜಿಮೆಂಟ್, ಅದರ ಡಿವಿಷನ್, ನಕ್ಷೆ, ಕೆಂಪು ಬಾಣದ ಗುರುತು, ಎಲ್ಲ ಸೇರಿಸಿ ಹನ್ನೆರಡು ಪುಟ ಪ್ರಿಂಟ್ ಹಾಕಿಸಿ ಕೊಟ್ಟೆ. ಅವತ್ತು ಅಜ್ಜಿಯ ಅಕ್ಕ ಬಂದಿದ್ದರು, ತೊಂಬತ್ತು ದಾಟಿದವರು. ಕಾಫಿ ಬಟ್ಟಲು ಪಕ್ಕಕ್ಕಿಟ್ಟು, ಕನ್ನಡಕ ಹಣೆಗೇರಿಸಿ, ಆ 4ನೇ ಪುಟವನ್ನು ಒಂದೇ ಉಸಿರಿಗೆ ಓದಿಬಿಟ್ಟರು. ಬೆಕೆರೈ ಕೊಂಪನೀ. ಬ್ರೆಡ್ ಸುಡುವ ಕಂಪನಿ! ಅವರಪ್ಪ ಸೈನ್ಯದಲ್ಲೂ ಬೇಕರಿ ಕೆಲಸದವರೇ. ಎರಡನೇ ಪುಟದಲ್ಲಿ ಉದ್ಯೋಗದ ಸಾಲೂ ಇತ್ತು, ಅದನ್ನೂ ನಾನು ನೋಡಿರಲಿಲ್ಲ. ಹನ್ನೆರಡು ಪುಟ ಹಾಗೇ ಮಡಚಿ ಮನೆಗೆ ತಂದೆ. ಕೇಕ್ ಮಾತ್ರ ಬಿಡಲಿಲ್ಲ.

ಹಾಗಾಗಿ 4ನೇ ಪುಟ. ಅಲ್ಲಿ ಎ, ಬಿ, ಸಿ ಅಂತ ಮೂರು ಭಾಗ. ಎ ಅಂದ್ರೆ ಯಾವ ಎರ್ಸಾಟ್ಸ್ ಪಡೆ ಕಳಿಸಿತು. ಬಿ ಅಂದ್ರೆ ಯುದ್ಧಭೂಮಿಯ ಪಡೆ, ನಿಮಗೆ ಬೇಕಿರೋದು ಇದು. ಸಿ ಅಂದ್ರೆ ಈಗ ಇವನ ಹೊಣೆ ಹೊತ್ತ ಎರ್ಸಾಟ್ಸ್. ವರ್ಗವಾದಾಗ ಹಳೆಯದಕ್ಕೆ ಗೀಟು ಹಾಕಿ ಕೆಳಗೆ ಹೊಸದು ಬರೀತಿದ್ದರು. ಗೀಟು ಹಾಕಿದ್ದನ್ನು ಬಿಡಬೇಡಿ, ಅದೇ ಕಥೆ. ಅಂಕಿಯನ್ನೂ ನೋಡಿ: ರೋಮನ್ ಅಂಕಿ ಬೆಟಾಲಿಯನ್, ಮಾಮೂಲಿ ಅಂಕಿ ಕಂಪನಿ. ಕಾಲಾಳು ರೆಜಿಮೆಂಟ್‌ನಲ್ಲಿ 1ರಿಂದ 4 ಮೊದಲ ಬೆಟಾಲಿಯನ್, 5ರಿಂದ 8 ಎರಡನೆಯದು, 9ರಿಂದ 12 ಮೂರನೆಯದು. 14 ಅಂದ್ರೆ ಸಾಮಾನ್ಯವಾಗಿ ಟ್ಯಾಂಕ್ ಹೊಡೆಯುವವರು. ಇನ್ನೊಂದು, 1942ರ ಅಕ್ಟೋಬರ್‌ನಲ್ಲಿ ಇನ್ಫಾಂಟರಿ ರೆಜಿಮೆಂಟ್‌ಗಳಿಗೆ ಗ್ರೆನಾಡಿಯರ್ ಅಂತ ಹೆಸರಿಟ್ಟರು. ನಂಬರ್ ಅದೇ ಇದ್ದು ಹೆಸರು ಬದಲಾದರೆ ವರ್ಗವಾಯ್ತು ಅಂತ ಬರೀಬೇಡಿ.

ಯುದ್ಧಕಾಲದ ಮೊಹರುಗಳಲ್ಲಿ ಪಡೆಯ ಹೆಸರು ಇರದೆ ಸೇನಾ ಅಂಚೆಯ ಐದಂಕಿಯ ಫೆಲ್ಡ್‌ಪೋಸ್ಟ್ ನಂಬರ್ ಮಾತ್ರ ಇರುವುದು ಜಾಸ್ತಿ. ಅದರಿಂದಲೂ ಪಡೆ ಸಿಗುತ್ತೆ. ಆದರೆ ತಾರೀಖು ಹಿಡಿದು ಹುಡುಕಿ, ಒಂದೇ ನಂಬರನ್ನು ಬೇರೆ ಬೇರೆ ಕಾಲಕ್ಕೆ ಬೇರೆ ಪಡೆಗೆ ಕೊಟ್ಟದ್ದುಂಟು. 12, 13ನೇ ಪುಟ ಆಸ್ಪತ್ರೆಯದು. ರೆಸರ್ವ್-ಲಾಜರೆಟ್ ಅಂತಿದ್ದರೆ ಆಗ ಆತ ಸಾಮಾನ್ಯವಾಗಿ ಜರ್ಮನಿಯೊಳಗೇ ಇದ್ದ ಅಂತ ಲೆಕ್ಕ. 22ರಲ್ಲಿ ಪದಕ, 23ರಿಂದ ರಜೆ. ಕಾದಾಟಗಳ ಪಟ್ಟಿ ಮಾತ್ರ ಇದರಲ್ಲಿ ಹುಡುಕಬೇಡಿ, ಅದು ವೇರ್‌ಪಾಸ್ ಅನ್ನೋ ಸೇವಾ ದಾಖಲೆ ಪುಸ್ತಕದಲ್ಲಿ ಇರುತ್ತೆ. ಸೇವೆಯಲ್ಲಿದ್ದಷ್ಟು ದಿನ ಅದು ಕಂಪನಿ ಕಚೇರಿಯಲ್ಲಿರುತ್ತಿತ್ತು, ಸೋಲ್ಡ್‌ಬುಖ್ ಸೈನಿಕನ ಜೇಬಿನಲ್ಲಿ.

ಕೈಬರಹ ಕಲಿಯಲೇಬೇಕು. ಎರಡು ವಾರ ಸಾಕು. ಇ ಅಕ್ಷರ ಎನ್ ಥರ ಕಾಣುತ್ತೆ, ಯು ಮೇಲೆ ಸಣ್ಣ ಕೊಂಕು ಇರುತ್ತೆ. ಟ್ರಾನ್ಸ್‌ಕ್ರಿಬುಸ್ ಅನ್ನೋ ಕೈಬರಹ ಓದುವ ಸಾಫ್ಟ್‌ವೇರ್ ಪತ್ರಗಳಿಗೆ ಒಳ್ಳೇದು, ಇಂಥ ಮೊಟಕು ಪದಗಳ ಪುಟದಲ್ಲಿ ಅದನ್ನೇ ನಂಬಿ ಕೂರಬೇಡಿ.

ಮಾರಿದವನು "ಸೆಟ್" ಅಂದನಂತೆ. 1ನೇ ಪುಟದಲ್ಲಿ ಬಿಲ್ಲೆಯ ಬರಹ ಮತ್ತು ನಂಬರ್ ಬರೆದಿರುತ್ತೆ, ನಿಮ್ಮ ಬಿಲ್ಲೆ ಜೊತೆ ತಾಳೆ ನೋಡಿದ್ರಾ? ತಾಳೆಯಾಗದಿದ್ದರೆ ಎರಡು ಬೇರೆ ಜನರನ್ನು ಒಬ್ಬನನ್ನಾಗಿ ಮಾಡಿದ್ದೀರಿ ಅಂತ ತಿಳ್ಕೊಳ್ಳಿ. ಕತ್ತಲಲ್ಲಿ ಯುವಿ ಟಾರ್ಚ್ ಹಿಡಿಯಿರಿ. ಹಾಳೆ ನೀಲಿಯಾಗಿ ಹೊಳೆದರೆ ಕಾಗದ ಯುದ್ಧದ ನಂತರದ್ದು. ಬಾಲ್‌ಪೆನ್ ಬರಹ ಇದ್ದರೂ ಅನುಮಾನ ಪಡಿ. ಹಿಂದೆ ಇಲ್ಲಿ ಒಬ್ಬರು ಸುಭಾಷ್ ಬೋಸರ ಇಂಡಿಯನ್ ಲೀಜನ್ (ಜರ್ಮನ್ ಸೇನೆಯ ಭಾರತೀಯ ಪಡೆ), ಅಂದ್ರೆ 950ನೇ ರೆಜಿಮೆಂಟ್‌ನ ಸೋಲ್ಡ್‌ಬುಖ್ ಬಗ್ಗೆ ಕೇಳಿದ್ದರಲ್ಲ, ಅವರೂ ಇದನ್ನೆಲ್ಲ ಎರಡೆರಡು ಸಲ ಮಾಡಲಿ.

ದಯವಿಟ್ಟು ಲ್ಯಾಮಿನೇಷನ್ ಮಾಡಿಸಬೇಡಿ! ಹೋದ ತಿಂಗಳಷ್ಟೇ ಒಬ್ಬರು ಮಾಡಿಸಿ ತಂದು ತೋರಿಸಿದರು, ಅಳು ಬಂತು. ಅಗ್ಗದ ಪಿವಿಸಿ ಕವರ್ ಕೂಡ ಬೇಡ, ಪಾಲಿಯೆಸ್ಟರ್ ಕವರ್ ತಗೊಳ್ಳಿ. ಒದ್ದೆ ಬಟ್ಟೆ ತಾಗಿಸಬೇಡಿ, ಆ ಕಾಲದ ಕಾಪಿ ಪೆನ್ಸಿಲ್ ನೀರು ಬಿದ್ದರೆ ನೇರಳೆಯಾಗಿ ಹರಡುತ್ತೆ. ಸ್ಕ್ಯಾನ್‌ಗೆ ನನ್ನ ಹಳೆ ಎಪ್ಸನ್ ಫ್ಲಾಟ್‌ಬೆಡ್‌ಗೆ ಸಾಟಿಯಿಲ್ಲ, ಮೊಬೈಲ್ ಆ್ಯಪ್‌ಗಳು ಪೆನ್ಸಿಲ್ ಗೀಟನ್ನೇ "ಕ್ಲೀನ್" ಮಾಡಿಬಿಡುತ್ತವೆ. ಆದರೆ ಬೆನ್ನು ಬಿಟ್ಟ ಪುಸ್ತಕವನ್ನು ಗಾಜಿಗೆ ಒತ್ತಬೇಡಿ, ಅದಕ್ಕೆ ಮೊಬೈಲೇ ವಾಸಿ.

ಇದಾದ ಮೇಲೆ ಜರ್ಮನಿಯ ರಾಷ್ಟ್ರೀಯ ದಾಖಲೆ ಸಂಗ್ರಹಾಲಯ, ಅಂದ್ರೆ ಬರ್ಲಿನ್‌ನ ಬುಂಡೆಸ್‌ಆರ್ಖೀವ್‌ಗೆ ಅರ್ಜಿ ಹಾಕಿ. ಸೈನಿಕರ ದಾಖಲೆ ಇಡುತ್ತಿದ್ದ ಹಳೆಯ ವಾಸ್ಟ್ ಕಚೇರಿ 2019ರಿಂದ ಅದರೊಳಗೇ ಸೇರಿದೆ. ಬಿಲ್ಲೆಗಳ ಪಟ್ಟಿಗಳು ಅಲ್ಲಿವೆ. ಬಿಲ್ಲೆಗೆ ನಿಜವಾದ ಬೆಲೆ ಬರೋದು ಇಲ್ಲಿ: ಅದರ ಬರಹ, ಪೂರ್ತಿ ಹೆಸರು, ಹುಟ್ಟಿದ ದಿನ, ಊರು ಎಲ್ಲ ಕೊಡಿ. ತಿಂಗಳುಗಟ್ಟಲೆ ಕಾಯಬೇಕು, ವಾರಕ್ಕೊಂದು ಮೇಲ್ ಹಾಕಿ ಪೀಡಿಸಬೇಡಿ. ಸೇನೆಯ ಕಡತಗಳು 1945ರ ಏಪ್ರಿಲ್‌ನಲ್ಲಿ ಪಾಟ್ಸ್‌ಡಾಮ್ ಬಾಂಬ್ ದಾಳಿಯಲ್ಲಿ ರಾಶಿರಾಶಿ ಸುಟ್ಟವು, ಆದ್ದರಿಂದ ಬರೋದು ಒಂದೇ ಹಾಳೆಯಾದರೂ ಆಶ್ಚರ್ಯವಿಲ್ಲ. ಆತ ಯುದ್ಧದಲ್ಲಿ ಸತ್ತಿದ್ದರೆ, ಯೋಧರ ಸಮಾಧಿ ನೋಡಿಕೊಳ್ಳುವ ಸಂಸ್ಥೆ ಫೋಲ್ಕ್ಸ್‌ಬುಂಡ್‌ನ ಸಮಾಧಿ ಹುಡುಕಾಟದಲ್ಲೂ ಹೆಸರು ಹಾಕಿ ನೋಡಿ, ಅದಕ್ಕೆ ಐದು ನಿಮಿಷ.

ಈಗ 4, 12, 13ನೇ ಪುಟಗಳ ಫೋಟೋ ಹಾಕಿ. ಕಿಟಕಿ ಬೆಳಕಲ್ಲಿ, ಫ್ಲ್ಯಾಶ್ ಇಲ್ಲದೆ. ನೀವು ಜರ್ಮನಿಯಲ್ಲಿರೋದರಿಂದ ಮೊಹರಿನ ಸ್ವಸ್ತಿಕ ಮುಚ್ಚಿ, ಅಲ್ಲಿನ ಕಾನೂನು ಬಿಗಿ. 5ನೇ ಪುಟ ಹಾಕಲೇಬೇಡಿ. ಅದರಲ್ಲಿ ಹೆಂಡತಿ, ಅಪ್ಪ ಅಮ್ಮನ ವಿಳಾಸ ಇರುತ್ತೆ, ಆ ಮನೆಯಲ್ಲಿ ಮೊಮ್ಮಕ್ಕಳು ಇನ್ನೂ ಇರಬಹುದು.