ಹಳೇ ಪಿಕಪ್‌ಗೆ ಗುಜರಿ ಇಂಜಿನ್ ಹಾಕಿಸಬಹುದಾ?

ಅಣ್ಣಾ, ಬಾಗಲಕೋಟೆಯಲ್ಲಿ ಈರುಳ್ಳಿ ಹೇರುವ ನಿಮ್ಮ ಹಳೇ ಬೊಲೆರೊ ಪಿಕಪ್‌ಗೆ ಗುಜರಿ ಇಂಜಿನ್ ಆಗುತ್ತಾ ಅಂತ ಕೇಳಿದ್ದೀರಿ. ಆಗುತ್ತೆ. ಆದರೆ ಅದೇ ಮಾಡೆಲ್‌ನದ್ದು ತಗೊಳ್ಳಿ. ಹಳೇ ಡೀಸೆಲ್ ಪಂಪಿನ ಇಂಜಿನ್ ಜಾಗಕ್ಕೆ ಕಾಮನ್ ರೈಲ್ (ಕಂಪ್ಯೂಟರ್ ಹೇಳಿದಂತೆ ಡೀಸೆಲ್ ಚಿಮ್ಮಿಸುವ ಹೊಸ ಬಗೆಯ) ಇಂಜಿನ್ ತಂದರೆ ಇಸಿಯು ಅನ್ನೋ ಆ ಕಂಪ್ಯೂಟರ್, ವೈರಿಂಗ್ ಎಲ್ಲಾ ಬದಲಾಯಿಸಬೇಕು.

ನೆಲದ ಮೇಲೆ ಬಿದ್ದಿರೋ ಇಂಜಿನ್‌ಗೆ ಸುಮ್ನೆ ದುಡ್ಡು ಕೊಡಬೇಡಿ, ಸ್ಟಾರ್ಟ್ ಮಾಡಿಸಿ. ಬಿಸಿಯಾದ ಮೇಲೆ, ಇಂಜಿನ್ ಓಡುತ್ತಿರುವಾಗಲೇ ಆಯಿಲ್ ಹಾಕೋ ಮುಚ್ಚಳ ಬಿಚ್ಚಿ, ಆ ಬಾಯಿ ಮೇಲೇ ತಲೆಕೆಳಗಾಗಿ ಇಡಿ. ಸ್ವಲ್ಪ ಅಲುಗಾಡಿದರೆ ಪರವಾಗಿಲ್ಲ. ಹಾರಿ ಬಿದ್ದು ಭುಸುಭುಸು ಹೊಗೆ ಬಂದರೆ ಪಿಸ್ಟನ್ ರಿಂಗ್ ಸವೆದಿರುತ್ತೆ. ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ, ಬಿಟ್ಟುಬಿಡಿ.

ಇಂಜಿನ್ ಹೊರಗಿರುವಾಗಲೇ ಕ್ಲಚ್ ಪ್ಲೇಟ್, ಗೇರ್‌ಬಾಕ್ಸ್ ಕಡೆಯ ಆಯಿಲ್ ಸೀಲ್, ಮೌಂಟಿಂಗ್ ರಬ್ಬರ್ ಹೊಸದು ಹಾಕಿಸಿ. ನಾನು ಸೀಲ್ ದುಡ್ಡು ಉಳಿಸೋಕೆ ಹೋಗಿ ಎರಡೇ ತಿಂಗಳಿಗೆ ಗೇರ್‌ಬಾಕ್ಸ್ ಮತ್ತೆ ಇಳಿಸಿದೆ. ಮಜೂರಿ ಡಬಲ್!

ಆರ್‌ಸಿಯಲ್ಲಿ ಇಂಜಿನ್ ನಂಬರ್ ಇರುತ್ತೆ ಅಲ್ವಾ? ಕೆಎ-29 ಆಗಿದ್ದರೆ ಬಾಗಲಕೋಟೆ ಆರ್‌ಟಿಓದಲ್ಲಿ ಮೊದಲೇ ಕೇಳಿಕೊಂಡು, ಹೊಸ ನಂಬರ್ ಹತ್ತಿಸಿಕೊಳ್ಳಿ. ವಿಮೆಯವರಿಗೂ ತಿಳಿಸಿ. ಬಿಲ್ಲು, ಆ ಇಂಜಿನ್ ಇದ್ದ ಗಾಡಿಯ ಕಾಗದ ಎರಡೂ ಕೊಡದವನ ಹತ್ತಿರ ಎಷ್ಟೇ ಅಗ್ಗವಾದರೂ ತಗೋಬೇಡಿ. ಕಳುವಿನ ಮಾಲಾದರೆ ಠಾಣೆಗೆ ಅಲೆಯೋದು ನೀವೇ.